ಒದ್ದೆಗೊಂದು ರೂಮು

ನಮ್ಮ ಬೆಳಗೋಡು ಹೋಬಳಿಯಲ್ಲಿ ಮನೆ ಕಟ್ಟುವ ಆಸೆ ಹುಟ್ಟುವುದು ಹಳೇ ಮನೆ ಸೋರಿದಾಗಲ್ಲ, ಕಾಫಿ ರೇಟು ಏರಿದಾಗ. ಸೋರುವುದು ಪ್ರತಿ ವರ್ಷ ಇದ್ದದ್ದೇ. ಅದಕ್ಕೆ ಬೋಗುಣಿ, ಬಕೆಟ್ಟು, ಅಜ್ಜಿ ಕಾಲದ ತಾಮ್ರದ ಕೊಳಗ ಎಲ್ಲ ತಯಾರಿರುತ್ತವೆ. ರೇಟು ಏರುವುದು ಮಾತ್ರ ಅಪರೂಪ. 2024ರಲ್ಲಿ ರೊಬಸ್ಟಾ ಚೆರಿ 50 ಕೆ.ಜಿ. ಮೂಟೆಗೆ 10,000 ರೂಪಾಯಿ ಮುಟ್ಟಿದ್ದೇ ತಡ, ಬಾಳ್ಳುಪೇಟೆಯ ಹೋಟೆಲಿನಿಂದ ಸಕಲೇಶಪುರದ ಬಸ್ ಸ್ಟ್ಯಾಂಡಿನವರೆಗೆ ಯಾರ ಜೇಬು ತಡಕಿದರೂ ನಾಲ್ಕು ಮಡಿಕೆಯ ಒಂದು ಪ್ಲಾನು ಸಿಗುವಂತಾಯಿತು. ಮೊದಲೆಲ್ಲ ಎದುರು ಸಿಕ್ಕವರು "ನಿಮ್ಮ ಕಡೆ ಹೂಮಳೆ ಎಷ್ಟು ಸೆಂಟು ಬಿತ್ತಣ್ಣ?" ಅಂತ ಕೇಳುತ್ತಿದ್ದರು. ಈಗ ಕೇಳುವುದು "ನಿಮ್ದು ಎಷ್ಟು ಚದರ?" ಅಂತ. ಅವರದು ಹದಿನೆಂಟು ಅಂತ ಗೊತ್ತಿದ್ದರೆ ನಮ್ಮದು ಇಪ್ಪತ್ತು ಅನ್ನಬೇಕು. ಮಳೆಯ ಲೆಕ್ಕದಲ್ಲೂ ಹಾಗೇ ಅನ್ನುತ್ತಿದ್ದೆವು, ಅದು ಬೇರೆ ವಿಷಯ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಪುಣ್ಯಾತ್ಮರ ಕಾಲದಲ್ಲಿ ವಾಟ್ಸಾಪ್ ಗ್ರೂಪು ಇರಲಿಲ್ಲ. ಇದ್ದಿದ್ದರೆ ಕಟ್ಟುವ ಮಾತು ಬಿಟ್ಟು ಬರೀ ಪ್ಲಾನು ಹಾಕಿ ನೋಡು ಅನ್ನುತ್ತಿದ್ದರು. ನಮ್ಮ ಗ್ರೂಪಿನ ಹೆಸರು 'ಹೊಸ ಮನೆ'. ಅದರಲ್ಲಿ ಬೆಂಗಳೂರಿನ ತಮ್ಮ, ಹಾಸನದ ಅಕ್ಕ ಮತ್ತು ಭಾವ, ಮೈಸೂರಿನ ಚಿಕ್ಕಪ್ಪ, ಇವರೆಲ್ಲರ ಮಕ್ಕಳು ಇದ್ದಾರೆ. ಆ ಮನೆಯಲ್ಲಿ ದಿನಾ ಇರಬೇಕಾದ ಅಪ್ಪ ಅಮ್ಮ ಇಲ್ಲ. ಅಪ್ಪನ ಫೋನಿಗೆ ಬಟನ್ನಿದೆ, ಅಮ್ಮನಿಗೆ ಪುರುಸೊತ್ತಿಲ್ಲ. ಹಾಗಾಗಿ ಗ್ರೂಪಿನಲ್ಲಿ ತೀರ್ಮಾನವಾದದ್ದನ್ನು ಅವರಿಗೆ ಓದಿ ಹೇಳುವುದೂ, ಅವರು ಅಂದದ್ದನ್ನು ಸ್ವಲ್ಪ ಸೋಸಿ ಗ್ರೂಪಿಗೆ ಹಾಕುವುದೂ ನನ್ನ ಕೆಲಸ. ಬೈಗುಳವನ್ನು ಇಮೋಜಿಗೆ ಇಳಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ತಮ್ಮ ಕಳಿಸಿದ ಪ್ಲಾನಿನಲ್ಲಿ ಕೆಳಗೆ ಮೂರು ಬೆಡ್‌ರೂಮು, ಮಹಡಿಯಲ್ಲಿ ಎರಡು. ಐದಕ್ಕೂ ಅಟ್ಯಾಚ್ಡ್. ಮನೆಯಲ್ಲಿ ಖಾಯಂ ಇರುವವರು ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಒಂದು ನಾಯಿ. ಮಿಕ್ಕವರು ಸುಗ್ಗಿಗೆ ಬಂದರು, ದೀಪಾವಳಿಗೆ ಬಂದರು, ಹೋದರು. ಆದರೂ ಪ್ಲಾನಿನಲ್ಲಿ ಪ್ರತಿ ರೂಮಿನ ಮೇಲೂ ಒಬ್ಬೊಬ್ಬರ ಹೆಸರು. "ನಾನು ಬಂದಾಗ ನನ್ನ ರೂಮಲ್ಲಿ ಬೇರೆಯವರ ಸಾಮಾನು ಇರಬಾರ್ದು" ಅಂತ ಅಕ್ಕನ ಷರತ್ತು. ಬರುವುದು ಎರಡು ದಿನಕ್ಕಾದರೂ ಷರತ್ತು ಮುನ್ನೂರರವತ್ತೈದು ದಿನಕ್ಕೆ. ಐದು ಬಚ್ಚಲು ತೊಳೆಯುವವರು ಯಾರು ಅಂತ ಪ್ಲಾನು ಬರೆದಿಲ್ಲ. ಬರೆಯದಿದ್ದರೂ ನನ್ನ ಹೆಂಡತಿಗೆ ಅದು ಕಾಣಿಸಿತು.

ಓಪನ್ ಕಿಚನ್ ವಿಷಯವನ್ನು ಅಮ್ಮನಿಗೆ ವಿವರಿಸಿದೆ. ಅಡುಗೆ ಮನೆಗೆ ಗೋಡೆ ಇರಲ್ಲ, ಬಾಗಿಲೂ ಇರಲ್ಲ, ಹಾಲಿನಲ್ಲಿ ಕೂತವರಿಗೆ ನೇರ ಕಾಣುತ್ತೆ ಅಂದೆ. ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿ, "ಬೆಕ್ಕಿಗೂ ನೇರ ಕಾಣುತ್ತಲ್ವಾ?" ಅಂದರು. ಆಮೇಲೆ ಮಳೆಗಾಲದಲ್ಲಿ ಏಡಿ ಸಾರು ಕುದಿಸಿದರೆ ಸೋಫಾದ ಗತಿ ಏನು ಅಂತ ಕೇಳಿದರು. ಗ್ರೂಪಿಗೆ ನಾನು 'ಅಮ್ಮ ಯೋಚಿಸುತ್ತಿದ್ದಾರೆ' ಅಂತ ಹಾಕಿದೆ.

ಭಾವ ಓಪನ್ ಕಿಚನ್ನಿಗೆಲ್ಲ ತಲೆ ಹಾಕುವವರಲ್ಲ. ಅವರದು ಆಯದ ಲೆಕ್ಕ. ಮನೆಯ ಉದ್ದ ಅಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ನೋಡಬೇಕು. ಒಂದು ಉಳಿದರೆ ಧ್ವಜಾಯ, ಎರಡು ಧೂಮಾಯ, ಮೂರು ಸಿಂಹಾಯ, ನಾಲ್ಕು ಶ್ವಾನಾಯ, ಐದು ವೃಷಭಾಯ, ಆರು ಖರಾಯ, ಏಳು ಗಜಾಯ, ಪೂರ್ತಿ ಭಾಗವಾಗಿ ಹೋದರೆ ಕಾಕಾಯ. ಬಾವುಟ, ಸಿಂಹ, ಬಸವ, ಆನೆ ಒಳ್ಳೆಯವು. ಹೊಗೆ, ನಾಯಿ, ಕತ್ತೆ, ಕಾಗೆ ಕೆಟ್ಟವು. ತಮ್ಮನ ಪ್ಲಾನು ನಲವತ್ತು ಐವತ್ತರದು. ಎರಡು ಸಾವಿರ ಚದರಡಿ, ಇಂಟು ಒಂಬತ್ತು, ಹದಿನೆಂಟು ಸಾವಿರ, ಎಂಟರಿಂದ ಭಾಗಿಸಿದರೆ ಏನೂ ಉಳಿಯಲಿಲ್ಲ. ಕಾಗೆ! ಭಾವನ ಮುಖ ಆ ಕಾಗೆ ಅವರ ತಲೆ ಮೇಲೇ ಕೂತ ಹಾಗಾಯಿತು.

ನಾನು ಖಾಲಿ ಕೂತಿದ್ದಾಗ ಈ ಲೆಕ್ಕವನ್ನು ಸ್ವಲ್ಪ ಕೆದಕಿದೆ. ಒಂಬತ್ತು ಅಂದರೆ ಎಂಟು ಮತ್ತೊಂದು. ಎಂಟರ ಪಾಲು ಭಾಗವಾಗಿ ಹೋಗಿಬಿಡುತ್ತದೆ, ಉಳಿಯುವುದು ಆ ಒಂದರ ಪಾಲು. ಅಂದರೆ ಒಂಬತ್ತರಿಂದ ಗುಣಿಸಿದರೂ ಒಂದೇ, ಗುಣಿಸದಿದ್ದರೂ ಒಂದೇ, ಶೇಷ ಬದಲಾಗುವುದಿಲ್ಲ. ಆ ಗುಣಾಕಾರ ಬರೀ ಗಾಂಭೀರ್ಯಕ್ಕೆ. ಇನ್ನೂ ಮುಂದೆ ಹೋದರೆ, ಒಳ್ಳೆಯ ಆಯಗಳೆಲ್ಲ ಬೆಸ ಸಂಖ್ಯೆ, ಕೆಟ್ಟವೆಲ್ಲ ಸರಿ ಸಂಖ್ಯೆ. ಉದ್ದವೂ ಬೆಸ, ಅಗಲವೂ ಬೆಸ ಇಟ್ಟರೆ ಕೆಟ್ಟ ಆಯ ಬರಬೇಕೆಂದರೂ ಬರುವುದಿಲ್ಲ. ಇದನ್ನು ಭಾವನಿಗೆ ಹೇಳಿದೆ. "ಇಷ್ಟು ಸುಲಭ ಇದ್ರೆ ಶಾಸ್ತ್ರ ಯಾಕಪ್ಪಾ ಆಗೋದು?" ಅಂತ ಬೇಜಾರು ಮಾಡಿಕೊಂಡರು. ಕೊನೆಗೆ ಅವರೇ ಎರಡು ರಾತ್ರಿ ಕೂತು ನಲವತ್ತೊಂದು ನಲವತ್ತೇಳಕ್ಕೆ ತಂದು ನಿಲ್ಲಿಸಿದರು. ಶೇಷ ಏಳು. ಗಜಾಯ. ಗ್ರೂಪಿನಲ್ಲಿ ಆನೆಯ ಚಿತ್ರ ಹಾಕಿ ಕೈ ಮುಗಿದರು.

ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಎಲೆ ಅಡಿಕೆ ಒಂದು ಕಡೆಗೆ ಸರಿಸಿ, "ಆನೆ ಬರ್ಲಿ ಅಂತ ಲೆಕ್ಕ ಬೇರೆ ಹಾಕ್ತಾರೇನೋ?" ಅಂದರು.

ಅವರ ಮಾತಿನಲ್ಲಿ ತಪ್ಪಿಲ್ಲ. ಆಲೂರು, ಸಕಲೇಶಪುರದ ಕಡೆ ಗಜಾಯಕ್ಕೆ ಯಾರೂ ಎಂಟರಿಂದ ಭಾಗಿಸಬೇಕಿಲ್ಲ. 2014ರಲ್ಲಿ ಆಲೂರಿನ ಸುತ್ತ 22 ಆನೆ ಹಿಡಿದು ಸಾಗಿಸಿದರು. ಉಳಿದವು ಸಂಸಾರ ಬೆಳೆಸಿಕೊಂಡು ನಮ್ಮ ತೋಟದಲ್ಲೇ ಇವೆ. ಕಾಡಾನೆ ಭೀಮ ಇವತ್ತು ಎಲ್ಲಿದ್ದಾನೆ, ಬೀಟಮ್ಮನ ಗುಂಪು ಯಾವ ಕಡೆ ತಿರುಗಿತು ಅಂತ ನೆಂಟರ ಸುದ್ದಿ ಕೇಳಿದ ಹಾಗೆ ಕೇಳುತ್ತೇವೆ. ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನೇ 2023ರ ಡಿಸೆಂಬರಿನಲ್ಲಿ ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಎದುರು ಕಾದಾಡಿ ಸತ್ತ. ಇಂಥ ಊರಲ್ಲಿ ಮನೆ ಪ್ಲಾನು ಹಾಕುವಾಗ ಮೊದಲು ಕೇಳಬೇಕಾದದ್ದು ಈಶಾನ್ಯ ಯಾವ ಕಡೆ ಅಂತಲ್ಲ, ಹಲಸಿನ ಮರ ಯಾವ ಕಡೆ ಅಂತ. ಹಲಸು ಹಣ್ಣಾಗುವ ಮೊದಲೇ ಕಾಯಿ ಇಳಿಸಿಬಿಡುವುದು ನಮ್ಮಲ್ಲಿ ರೂಢಿ. ಭತ್ತದ ಚೀಲ ಹೊರಗೋಡೆಗೆ ಒತ್ತಿ ಇಟ್ಟರೆ ಆನೆಗೆ ವಾಸನೆ ಬಡಿಯುತ್ತದೆ, ಆಮೇಲೆ ಗೋಡೆ ನಮ್ಮದು ಅಂತ ಹೇಳಿಕೊಳ್ಳುವ ಹಾಗಿಲ್ಲ. ತಮ್ಮನ ಪ್ಲಾನಿನಲ್ಲಿ ಹೊರಗೋಡೆಗೆ ಅಂಟಿಕೊಂಡೇ 'ಸ್ಟೋರ್' ಅಂತಿತ್ತು. ಅದಕ್ಕೊಂದು ದೊಡ್ಡ ಗಾಜಿನ ಕಿಟಕಿ ಬೇರೆ.

ಮಕ್ಕಳ ಬೇಡಿಕೆಯೇ ಬೇರೆ. ಅಕ್ಕನ ಮಗಳು ಮಂಜ್ರಾಬಾದ್ ಕೋಟೆ ನೋಡಿ ಬಂದವಳು, ನಮ್ಮ ಮನೆಯೂ ನಕ್ಷತ್ರದ ಥರ ಇರಲಿ ಅಂದಳು. ಹುಡುಗಿ ಅಂದದ್ದು ಪೂರ್ತಿ ಹುಚ್ಚಲ್ಲ. ನಮ್ಮ ಸೀಮೆಯವರಿಗೆ ಮೊದಲಿನಿಂದಲೂ ಚೌಕ ಅಂದರೆ ಅಷ್ಟಕ್ಕಷ್ಟೆ. ಬೇಲೂರಿನ ಚೆನ್ನಕೇಶವನ ಗುಡಿ, 1117ರದ್ದು, ಅದರ ಜಗತಿಯ ಮೇಲೆ ನಡೆದರೆ ಮೂಲೆ ಮೂಲೆಗೆ ತಿರುಗುತ್ತಲೇ ಇರಬೇಕು. ಇಲ್ಲಿ ಘಾಟಿಯ ನೆತ್ತಿಯಲ್ಲಿ ಟಿಪ್ಪು 1792ರಲ್ಲಿ ಮುಗಿಸಿದ ಕೋಟೆ, ಎಂಟು ಮೊನೆಯ ನಕ್ಷತ್ರ. ಗುಡಿಯವರದು ಅಲಂಕಾರ, ಕೋಟೆಯವರದು ಲೆಕ್ಕಾಚಾರ. ಒಂದು ಗೋಡೆಯ ಬುಡಕ್ಕೆ ಶತ್ರು ಬಂದು ಅವಿತರೆ ಪಕ್ಕದ ಮೊನೆಯಿಂದ ಗುಂಡು ಹಾರಿಸಬಹುದು, ಎಲ್ಲೂ ಅಡಗುವ ಜಾಗವಿಲ್ಲ. ಫ್ರಾನ್ಸಿನ ವೊಬಾನ್ ಎಂಬ ಇಂಜಿನಿಯರ್ ಪಳಗಿಸಿದ ವಿದ್ಯೆ ಅದು. ಅಷ್ಟು ಚೆಂದದ ಪ್ಲಾನು ಮುಗಿದ ವರ್ಷವೇ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕೈತಪ್ಪಿತು. ಕಟ್ಟಿಸುವವರ ಜಾತಕ ಅಂದರೆ ಹಾಗೆ.

ಆದರೆ ಆ ಕೋಟೆಯೊಳಗೆ ನನಗೆ ಹಿಡಿಸಿದ್ದು ನಕ್ಷತ್ರವಲ್ಲ, ನೆಲದಡಿಯ ಎರಡು ಕೋಣೆ. ಮದ್ದು ಇಡಲು ಮಾಡಿದ್ದು ಅನ್ನುತ್ತಾರೆ. ವರ್ಷದ ನಾಲ್ಕೈದು ತಿಂಗಳು ಮಂಜು ಮಳೆಯಲ್ಲಿ ಮುಳುಗುವ ಗುಡ್ಡದ ಮೇಲೆ ಮದ್ದು ಒದ್ದೆಯಾದರೆ ನಕ್ಷತ್ರ ತಗೊಂಡು ಏನು ಮಾಡುವುದು? ಪ್ಲಾನು ಹಾಕಿದವನಿಗೆ ಇದು ಗೊತ್ತಿತ್ತು. ನಮ್ಮ ಆರ್ಕಿಟೆಕ್ಟ್ ಹುಡುಗನಿಗೆ ಗೊತ್ತಿರಲಿಲ್ಲ.

ಅವನ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಪಾಪ, ಸೈಟು ನೋಡಲು ಬಂದದ್ದು ಫೆಬ್ರವರಿಯಲ್ಲಿ. ಹೂಮಳೆಗೂ ಮೊದಲು. ಆಗ ಬೆಳಗೋಡು ಅಂದರೆ ಸಿನಿಮಾ. ಕಣದಲ್ಲಿ ಕಾಫಿ ಹರಡಿತ್ತು, ಮೆಣಸು ಒಣಗುತ್ತಿತ್ತು, ಬೆಳಿಗ್ಗೆ ಹಗುರಾಗಿ ಮಂಜು. ಅವನು ನಿಂತಲ್ಲೇ ಚಪ್ಪಟೆ ತಾರಸಿ, ನೆಲದಿಂದ ಮಾಡಿನವರೆಗೆ ಗಾಜು, ಮನೆ ನಡುವೆ ತೆರೆದ ಅಂಗಳ ಅಂತ ಕನಸು ಕಂಡ. ಅಪ್ಪ ಅಷ್ಟೂ ಕೇಳಿ, "ಜುಲೈಲಿ ಒಂದ್ಸಲ ಬಾ ಮಗಾ, ನಾಲ್ಕು ದಿನ ಇರು. ಊಟ ತಿಂಡಿ ನಮ್ದೇ" ಅಂದರು. ಅವನು ಅದನ್ನು ಆತಿಥ್ಯ ಅಂದುಕೊಂಡ.

ಚಪ್ಪಟೆ ತಾರಸಿಯ ಕಥೆ ಬೇಕಾದರೆ ನಮ್ಮ ದಾರಿಯುದ್ದಕ್ಕೂ ಸಿಗುತ್ತದೆ. ಮೊದಲ ವರ್ಷ ಆರ್‌ಸಿಸಿ. ಎರಡನೇ ಮಳೆಗಾಲದಲ್ಲಿ ಮೂಲೆಯಲ್ಲೊಂದು ನಕಾಶೆ ಮೂಡುತ್ತದೆ. ಮೂರನೇ ವರ್ಷ ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಮನೆ ಕಟ್ಟಿ, ಮನೆಗೊಂದು ಕೊಡೆ ಕೊಡಿಸುವ ಜನ ನಾವು. ಹಾಗಂತ ಇದು ಹಳ್ಳಿ ಮೇಸ್ತ್ರಿಯ ದಡ್ಡತನವೇನಲ್ಲ. ಮುಂದೆ ಚಂಡೀಗಢ ಕಟ್ಟಿದ ಲೆ ಕಾರ್ಬ್ಯೂಸಿಯೆ ಪ್ಯಾರಿಸ್ ಹತ್ತಿರ ಪೊಯ್ಸಿಯಲ್ಲಿ ಒಂದು ಮನೆ ಕಟ್ಟಿಕೊಟ್ಟ, 1931ರಲ್ಲಿ ಮುಗಿಯಿತು. ಚಪ್ಪಟೆ ಮಾಡಿನ ಅಪ್ಪಟ ಆಧುನಿಕ ಮನೆ ಅಂತ ಇಂದಿಗೂ ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಅದರ ಪ್ಲಾನು ಬಿಡಿಸುತ್ತಾರೆ. ಆ ಮನೆಯೊಡತಿ ಮಾತ್ರ ಹಾಲ್ ಸೋರುತ್ತಿದೆ, ಬಚ್ಚಲು ಸೋರುತ್ತಿದೆ ಅಂತ ಅವನಿಗೆ ಕಾಗದದ ಮೇಲೆ ಕಾಗದ ಬರೆದಳು. ಫ್ರಾನ್ಸಿನ ಮಳೆಗೇ ಆ ಗತಿ. ಆ ಮಹಾನುಭಾವನನ್ನು ಒಂದು ಆಷಾಢ ನಮ್ಮ ಹೆತ್ತೂರಿನ ಕಡೆ ಕೂರಿಸಿದ್ದರೆ ಶೀಟು ಹೊದಿಸುವುದನ್ನೂ ಪಾಠದಲ್ಲಿ ಸೇರಿಸುತ್ತಿದ್ದ.

ಹೆಂಚೇ ಹಾಕೋಣ ಅಂತ ಅಪ್ಪನ ಮಾತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಾಟಿ ಹತ್ತಿ ಬಂದ ಆ ಕೆಂಪು ಹೆಂಚು ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ಒಂದು ಒಡೆದರೆ ಒಂದು ಬದಲಿಸು, ಮುಗಿಯಿತು. ಆದರೆ ಮಂಗಗಳು ಅದನ್ನು ತಿಳಿದುಕೊಂಡಿವೆ. ಒಂದು ಗುಂಪು ಮಾಡಿನ ಮೇಲೆ ಓಟದ ಪಂದ್ಯ ನಡೆಸಿ ಹೋದರೆ ಅರ್ಧ ದಿನದ ಕೆಲಸ. ಈ ಚರ್ಚೆ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಆರ್‌ಸಿಸಿ, ಅದರ ಮೇಲೆ ಹೆಂಚು, ಹೆಂಚಿನ ಮೇಲೆ ಮಂಗ ಅನ್ನುವಲ್ಲಿಗೆ ನಿಂತಿದೆ.

ಜಾಗ ಸಮ ಮಾಡುವ ವಿಷಯದಲ್ಲಿ ಮಾತ್ರ ಅಪ್ಪ ತಮಾಷೆ ಮಾಡಲಿಲ್ಲ. ತಮ್ಮ ಜೆಸಿಬಿ ತರಿಸಿ ಮನೆ ಹಿಂದಿನ ಬರೆ ತರಿದರೆ ಕಾರು ತಿರುಗಿಸಲು ಆಗುತ್ತದೆ ಅಂದ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಹೆದ್ದಾರಿ ಮೇಲೆ ಗುಡ್ಡ ಜಾರಿದ್ದು ನಾವೆಲ್ಲ ನೋಡಿದ್ದೇವೆ. ಬುಡ ತರಿದ ಮಣ್ಣಿಗೆ ಮಳೆ ಸಿಕ್ಕರೆ ಅದು ಯಾರ ಮಾತೂ ಕೇಳುವುದಿಲ್ಲ. ಹಳಬರು ಇಳಿಜಾರು ಇದ್ದ ಹಾಗೇ ಬಿಟ್ಟು, ಮುಂದಿನಿಂದ ಮೂರು ಮೆಟ್ಟಿಲು ಹತ್ತಿ, ಹಿಂದಿನಿಂದ ಎರಡು ಇಳಿಯುವ ಹಾಗೆ ಕಟ್ಟಿದ್ದರು. "ಕಾರು ರಿವರ್ಸ್ ಬರ್ಲಿ, ಗುಡ್ಡ ಬರೋದು ಬೇಡ" ಅಂದರು ಅಪ್ಪ. ಅದು ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ನಡೆಯುವಾಗ ಅಮ್ಮನನ್ನು ಯಾರೂ ಏನು ಬೇಕು ಅಂತ ಕೇಳಿರಲಿಲ್ಲ. ಕೇಳಿದವಳು ನನ್ನ ಹೆಂಡತಿ. ಅಮ್ಮ ಒಂದೇ ಮಾತು ಹೇಳಿದರು: "ಒದ್ದೆ ಇಡಾಕೆ ಒಂದು ಜಾಗ."

ಬೆಂಗಳೂರಿನವರಿಗೆ ಇದು ಅರ್ಥವಾಗುವುದಿಲ್ಲ. ಒದ್ದೆ ಅಂದರೆ ಅಲ್ಲಿ ಮೈ ಒರೆಸಿದ ಟವೆಲು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯೇ ಮನೆಯ ಯಜಮಾನ. ಬಾಗಿಲಲ್ಲಿ ಕೊಡೆಗಳು, ಒಂದೊಂದೂ ಒಂದೊಂದು ಕೆರೆ ಮಾಡಿಕೊಂಡು ನಿಂತಿರುತ್ತವೆ. ಗಂಬೂಟುಗಳ ಒಳಗೆ ಕೆಸರು, ಕೆಸರಿನೊಳಗೆ ಇಂಬಳ. ಅಪ್ಪನ ಕಂಬಳಿ ಕೊಪ್ಪೆ ಒಂದು ಮೂಟೆ ನೀರು ಕುಡಿದಿರುತ್ತದೆ, ಅದನ್ನು ನೇತುಹಾಕಲು ಗೂಟವಲ್ಲ, ತೊಲೆಯೇ ಬೇಕು. ಆಳುಗಳ ಪ್ಲಾಸ್ಟಿಕ್ಕು, ರೈಟರ ರೇನ್‌ಕೋಟು. ಶನಿವಾರ ಬಟವಾಡೆಗೆ ಬಂದವರು ಎಲ್ಲಿ ನಿಲ್ಲಬೇಕು? ಅವರ ಮಕ್ಕಳು ಎಲ್ಲಿ ಕೂರಬೇಕು? ಅರ್ಧ ಒಣಗಿದ ಸೌದೆ. ಪೂರ್ತಿ ಒದ್ದೆಯಾದ ನಾಯಿ, ಅದೂ ಯಾರಾದರೂ ಹತ್ತಿರ ಬಂದ ಮೇಲೇ ಮೈ ಕೊಡವುವ ನಾಯಿ. ಹದಿನೈದು ದಿನದಿಂದ ಒಣಗುತ್ತಲೇ ಇರುವ ಬಟ್ಟೆ. ಅಲಮಾರಿನಲ್ಲಿ ಬೆಲ್ಟಿಗೆ, ಪೆಟ್ಟಿಗೆಯಲ್ಲಿ ಚಪ್ಪಲಿಗೆ, ಗೋಡೆಯಲ್ಲಿ ಅಜ್ಜನ ಫೋಟೋಗೆ ಬೂಷ್ಟು. ನಮ್ಮ ಅಜ್ಜನಿಗೆ ಪ್ರತಿ ಆಗಸ್ಟಿನಲ್ಲಿ ಗಡ್ಡ ಬರುತ್ತದೆ, ದೀಪಾವಳಿಗೆ ಒರೆಸಿ ಬೋಳಿಸುತ್ತೇವೆ.

ಹಳೇ ಮನೆ ಇದಕ್ಕೆಲ್ಲ ಸದ್ದಿಲ್ಲದೆ ಜಾಗ ಮಾಡಿತ್ತು. ಮುಂದೆ ಉದ್ದ ಜಗಲಿ, ಮಾಡು ಅದರಾಚೆಗೂ ಮೂರಡಿ ಚಾಚಿತ್ತು. ಅರ್ಧ ಒದ್ದೆ ಅಲ್ಲೇ ಇಳಿಯುತ್ತಿತ್ತು. ಬಚ್ಚಲು ಮನೆಯಲ್ಲಿ ದಿನವಿಡೀ ಹಂಡೆ ಕೆಳಗೆ ಬೆಂಕಿ, ಮೇಲೆ ಬಿದಿರಿನ ಗಳು, ಗಳುವಿನ ಮೇಲೆ ಇಡೀ ಮನೆಯ ಬಟ್ಟೆ. ಹೊಗೆ ವಾಸನೆಯ ಅಂಗಿ ಹಾಕಿಕೊಂಡೇ ನಾವೆಲ್ಲ ಸ್ಕೂಲಿಗೆ ಹೋದದ್ದು. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಹುಣಸೆ, ಬೀಜ, ಸೌದೆ. ಹೊಗೆ ಆಡಿ ಆಡಿ ತೊಲೆಗಳು ಕಪ್ಪಗೆ ಮಿಂಚುತ್ತಿದ್ದವು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಸೋಲಾರ್, ಹೊಗೆಗೆ ಚಿಮಣಿ. ಮನೆಯನ್ನು ಒಣಗಿಸುತ್ತಿದ್ದ ಒಬ್ಬನೇ ಆಳನ್ನು ಕತ್ತು ಹಿಡಿದು ಹೊರಗೆ ಹಾಕಿ, ಗೋಡೆಗೆ ಬೂಷ್ಟು ಬರದ ಪೇಂಟಿಗೆ ಲೀಟರ್ ಲೆಕ್ಕದಲ್ಲಿ ದುಡ್ಡು ಸುರಿಯುತ್ತೇವೆ. ಮಳೆಗಾಲದಲ್ಲಿ ಸೋಲಾರ್ ಕೂಡ ನಮ್ಮ ಹಾಗೇ, ಮುಸುಕು ಹೊದ್ದು ಮಲಗುತ್ತದೆ.

ಗ್ರೂಪಿಗೆ ಅಮ್ಮನ ಬೇಡಿಕೆಯನ್ನು ಈ ಸಲ ಸೋಸದೆ ಹಾಕಿದೆ. ಮೊದಲು ಮೌನ. ಆಮೇಲೆ ತಮ್ಮ, "ಅದಕ್ಕೆ ವಾಷಿಂಗ್ ಮೆಷಿನ್ನಿನ ಡ್ರೈಯರ್ ತಗೊಂಡ್ರೆ ಆಯ್ತು" ಅಂದ. ಗಂಬೂಟನ್ನೂ ಅದಕ್ಕೇ ಹಾಕಬಹುದಾ ಅಂತ ನನ್ನ ಹೆಂಡತಿ ಕೇಳಿದಳು. ಅಕ್ಕ, ಕಾರ್ ಪೋರ್ಚಿನಲ್ಲಿ ಒಂದು ಸ್ಟ್ಯಾಂಡ್ ಇಡಿ ಅಂದಳು. ಚಿಕ್ಕಪ್ಪ ಒಂದು ಶುಭೋದಯದ ಚಿತ್ರ ಕಳಿಸಿದರು. ಭಾವನ ಆತಂಕ ಒಂದೇ, ಹೊಸದಾಗಿ ಕೋಣೆ ಸೇರಿಸಿದರೆ ಆಯ ಕೆಡುತ್ತದೆ. ಎಷ್ಟು ಕಷ್ಟಪಟ್ಟು ತಂದ ಆನೆ, ಕೊಡೆ ಇಡಲು ಹೋಗಿ ಕತ್ತೆಯಾದರೆ?

ಇದನ್ನು ಬಗೆಹರಿಸಿದ್ದು ಗಾರೆ ಮೇಸ್ತ್ರಿ. ಪ್ಲಾನು ತಲೆಕೆಳಗಾಗಿ ಹಿಡಿದುಕೊಂಡೇ ನೋಡಿದವನು, ಪಶ್ಚಿಮದ ಗೋಡೆ ಉದ್ದಕ್ಕೂ ಬೆರಳು ಎಳೆದು, "ಇಲ್ಲಿ ಎಂಟಡಿ ಹೊರಕ್ಕೆ ತಗೊಳ್ಳಿ ಅಯ್ಯಾ. ಬಚ್ಚಲು ಒಲೆ, ಸೌದೆ, ಗಳು, ಕೂರಾಕೆ ಒಂದು ಕಟ್ಟೆ. ಎಂಟಡಿ ಆದ್ರೆ ಯಾವ ಆಯಾನೂ ಮಿಸುಕಾಡಲ್ಲ. ಭಾಗ ಹಾಕೋದೇ ಎಂಟರಿಂದ ಅಲ್ವಾ?" ಅಂದ. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. ನಲವತ್ತೊಂಬತ್ತು ಇಂಟು ನಲವತ್ತೇಳು, ಎರಡು ಸಾವಿರದ ಮುನ್ನೂರ ಮೂರು, ಎಂಟರಿಂದ ಭಾಗಿಸಿದರೆ ಶೇಷ ಏಳು. ಆನೆ ನಿಂತಲ್ಲೇ ನಿಂತಿತ್ತು. ಭಾವ ಫೋನಿನಲ್ಲಿ ಮೂರು ಸಲ ಗುಣಿಸಿ ನೋಡಿ, ಒಂಬತ್ತರಿಂದಲೂ ಗುಣಿಸಿ ನೋಡಿ, ಕೊನೆಗೆ ಮೇಸ್ತ್ರಿಗೆ ಜೋಯಿಸರ ಮನೆತನವಾ ಅಂತ ವಿಚಾರಿಸಿದರು.

ಹೊಸ ಪ್ಲಾನು ಗ್ರೂಪಿಗೆ ಹೋಯಿತು. ಪಶ್ಚಿಮಕ್ಕೆ ಎಂಟಡಿ ಅಗಲದ ಉದ್ದ ಕೋಣೆ, ಮೇಲೆ ನನ್ನ ಕೈಬರಹದಲ್ಲಿ 'ಒದ್ದೆ'. ಐದು ನಿಮಿಷದಲ್ಲಿ ತಮ್ಮನ ಉತ್ತರ ಬಂತು: "ಸೂಪರ್ ಅಣ್ಣ! ಇಷ್ಟು ಜಾಗ ಎಕ್ಸ್‌ಟ್ರಾ ಸಿಕ್ತಾ? ನನ್ನ ಟ್ರೆಡ್‌ಮಿಲ್ ಅಲ್ಲಿಗೇ ಕಳಿಸ್ತೀನಿ."